ಉಪ್ಪರಿಗೆಯ ಮೇಲೊಂದು ಪ್ಲೈವುಡ್ ಕೆರೆ

ಈಚೆಗೆ ನನಗೊಂದು ಚಟ ಹತ್ತಿತ್ತು: ನೆಲಕ್ಕೆ ಕಿವಿಯಿಟ್ಟು ಮಲಗುವುದು. ಕೆಳಗಿನಿಂದ ಹೊಲಿಗೆ ಮಿಷಿನ್ನಿನ ಟಕಟಕ ಕೇಳಿಸಿದರೆ ವನಜಕ್ಕ ಕ್ಷೇಮ ಎಂದರ್ಥ. ಸದ್ದು ನಿಂತರೆ, ದಾರ ಪೋಣಿಸುತ್ತಿರಬಹುದು ಎಂದು ಬುದ್ಧಿ ಹೇಳುತ್ತಿತ್ತು. ಕಿವಿ ಮಾತ್ರ ನೆಲ ಬಿಡುತ್ತಿರಲಿಲ್ಲ.

ವನಜಕ್ಕ ನನ್ನ ಮನೆ ಓನರು. ಕೊಪ್ಪದ ಪೇಟೆಯಲ್ಲಿ ಅವರ ಹಳೆಯ ಕಟ್ಟಡ. ಕೆಳಗೆ ಅವರ ಟೈಲರಿಂಗ್ ಅಂಗಡಿ, ಹೊರಮೆಟ್ಟಿಲು ಹತ್ತಿದರೆ ಹಲಗೆ ಹಾಸಿದ ಉಪ್ಪರಿಗೆಯಲ್ಲಿ ನಾನು. ನನ್ನ ಜೊತೆ, ನಾನೇ ಕೈಯಾರೆ ಮಾಡಿದ ಪ್ಲೈವುಡ್ಡಿನ ಅಕ್ವೇರಿಯಂ. ಚಿಕ್ಕದಲ್ಲ, ಕಾಲು ಮಡಚಿದರೆ ನಾನೇ ಅದರಲ್ಲಿ ಮಲಗಬಹುದು. ಮೂರು ಕಡೆ ಪ್ಲೈವುಡ್, ಮರ ನೀರು ಹೀರದಂತೆ ಒಳಗೆಲ್ಲ ಎಪಾಕ್ಸಿ ಅಂಟು ಬಳಿದದ್ದು. ಎದುರಿಗೆ ಮಾತ್ರ ನರಸಿಂಹರಾಜಪುರದಿಂದ ಗೂಡ್ಸ್ ಆಟೋದಲ್ಲಿ ಹಾಸಿಗೆ ಸುತ್ತಿ ತಂದ ಗಾಜು. ಇಡೀ ಗಾಜಿನ ತೊಟ್ಟಿಯನ್ನೇ ತರಬಹುದಿತ್ತಲ್ಲ ಎಂದು ಕೇಳಬೇಡಿ. ನನ್ನ ಬಳಿ ಉತ್ತರವಿದೆ, ಅದು ಉದ್ದವಿದೆ.

ಉತ್ತರವಿರುವುದೇ ನನ್ನ ರೋಗ. ಶೃಂಗೇರಿಯಲ್ಲಿ ಓದುವಾಗ ಚರ್ಚಾಸ್ಪರ್ಧೆ ಎಂದರೆ ಸಾಕು, ಪರವೋ ವಿರೋಧವೋ ಕೇಳದೆ ಎದ್ದು ನಿಲ್ಲುತ್ತಿದ್ದೆ. ದೇವರು, ಜಾತಕ, ವಾಸ್ತು ಎಲ್ಲವನ್ನೂ ಅನುಮಾನಿಸಿದ್ದೇನೆ. ಅನುಮಾನಿಸದೆ ಬಿಟ್ಟದ್ದು ನನ್ನ ಮಾತನ್ನು ಮಾತ್ರ.

“ಮರದ ಪೆಟ್ಟಿಗೇಲಿ ನೀರು ನಿಲ್ಲುತ್ತಾ ಮಾರಾಯ?” ಎಂದು ವನಜಕ್ಕ ಕೇಳಿದ್ದರು.

“ದೋಣಿ ಎಂತದ್ರಲ್ಲಿ ಮಾಡ್ತಾರೆ ಅಕ್ಕ?” ನೀರು ಒಳಗೆ ಬರದಂತೆ ತಡೆಯುವುದಕ್ಕೂ ಹೊರಗೆ ಹೋಗದಂತೆ ತಡೆಯುವುದಕ್ಕೂ ತಾತ್ವಿಕವಾಗಿ ವ್ಯತ್ಯಾಸವಿಲ್ಲ ಎಂದೆ.

“ದೋಣಿ ಅಡೀಲಿ ಕೂತು ಯಾರೂ ರವಿಕೆ ಹೊಲಿಯಲ್ಲ.”

ಒಳ್ಳೆಯ ಏಟು. ಆದರೆ ನಾನು ಬಿಟ್ಟೆನೇ? ಈ ಉಪ್ಪರಿಗೆ ಹಿಂದೆ ಅವರ ಅಪ್ಪನ ಅಡಿಕೆ ಮಂಡಿಯ ಗೋದಾಮು. ಅಷ್ಟೊಂದು ಮೂಟೆ ಹೊತ್ತ ಹಲಗೆಗೆ ನಾಲ್ಕು ಮೀನು ಭಾರವೇ ಎಂದು ಕೊನೆಯ ಅಸ್ತ್ರ ಬಿಟ್ಟೆ. ಅಪ್ಪನ ವಿಷಯ ಬಂದದ್ದೇ ಅವರು ಸುಮ್ಮನಾದರು. “ಆಯ್ತು, ನೀನೇ ಗೆದ್ದೆ” ಎಂದು ಮೆಟ್ಟಿಲಿಳಿದರು.

ಮೀನು ಭಾರವಲ್ಲ, ನೀರು ಭಾರ. ಒಂದು ಲೀಟರಿಗೆ ಒಂದು ಕೆಜಿ ಎಂದು ಹೈಸ್ಕೂಲಿನಲ್ಲೇ ಕಲಿತದ್ದು ಮೈಗೆ ಹತ್ತಿದ್ದು ತೊಟ್ಟಿ ತುಂಬಿದ ಮೇಲೆ. ಒಂದು ಹನಿಯೂ ಸೋರಲಿಲ್ಲ, ನಿಜ. ಆದರೆ ನಾನು ನಡೆದರೆ ನೀರು ನಡುಗುತ್ತಿತ್ತು, ಬೀದಿಯಲ್ಲಿ ಬಸ್ಸು ಹೋದರೆ ನಡುಗುತ್ತಿತ್ತು, ಅದರ ಜೊತೆ ನಾನೂ. ಮೀನುಗಳು ಮಾತ್ರ ನಿಶ್ಚಿಂತೆ. ತಮ್ಮ ಕೆಳಗೆ ಯಾರಿದ್ದಾರೆಂದು ಯೋಚಿಸುವ ಪದ್ಧತಿ ಅವಕ್ಕಿಲ್ಲ.

ನಿನ್ನೆ ಮಧ್ಯಾಹ್ನ ಹಾಗೆ ಕಿವಿಯಿಟ್ಟು ಮಲಗಿದ್ದಾಗ ಕಣ್ಣು ಹಲಗೆಯುದ್ದಕ್ಕೂ ಹರಿಯಿತು. ಗೋಡೆಯ ಬದಿಗೆಲ್ಲ ಹಲಗೆ ಕಪ್ಪು, ಸಂದಿಯಲ್ಲಿ ಗೋಣಿನಾರು, ಅಡಿಕೆ ಚೂರು. ನಡುವಿನ ಹಲಗೆಗಳಲ್ಲಿ ಒಂದು ಕಲೆಯಿಲ್ಲ, ಓಡಾಡಿ ಸವೆದ ನುಣುಪು ಅಷ್ಟೇ. ಅಂದರೆ ಮೂಟೆಗಳನ್ನೆಲ್ಲ ಗೋಡೆಗೆ ಒತ್ತಿ, ತೊಲೆಯ ತುದಿ ಭದ್ರವಾಗಿ ಕೂತಿರುವಲ್ಲೇ ಪೇರಿಸುತ್ತಿದ್ದರು. ನಾನು ತೊಟ್ಟಿ ಇಟ್ಟದ್ದು ನಟ್ಟನಡುವೆ, ಬೆಳಕು ಚೆನ್ನಾಗಿ ಬೀಳಲಿ ಎಂದು. ನಾನೇ ಕರೆದ ಸಾಕ್ಷಿ ನನ್ನ ವಿರುದ್ಧ ಹೇಳಿಕೆ ಕೊಡುತ್ತಿತ್ತು.

ಕೆಳಗೆ ಓಡಿದೆ. ಗೆದ್ದ ದಿನದಿಂದ ಅಂಗಡಿಗೆ ಕಾಲಿಟ್ಟಿರಲಿಲ್ಲ, ನೀರು ತುಂಬಿದ ಮೇಲಂತೂ ಮುಖ ತೋರಿಸಲು ಧೈರ್ಯ ಸಾಲದೆ. “ಅಕ್ಕ, ನಾನು ಸೋತೆ. ನೀವು ಮೊದಲು ಅಲ್ಲಿಂದ ಏಳಿ!”

ಅಲ್ಲಿ ಯಾರೂ ಇರಲಿಲ್ಲ. ಅಂಗಡಿಯ ನಡುಭಾಗ ಬಯಲು. ಮಿಷಿನ್ನು, ಬಟ್ಟೆ ಕತ್ತರಿಸುವ ಮೇಜು, ಮದುವೆ ರವಿಕೆಗಳ ಗಂಟು, ಕೊನೆಗೆ ವನಜಕ್ಕ, ಎಲ್ಲ ಗೋಡೆಗೆ ಅಂಟಿಕೊಂಡಿದ್ದವು.

“ನೀನು ಗೆದ್ದೆಯಲ್ಲ, ಆವತ್ತೇ ಸರಿಸಿದೆ” ಎಂದರು ಸೂಜಿಯಿಂದ ಕಣ್ಣೆತ್ತದೆ. “ಮಾತು ಸರಿಯೇ ಇತ್ತು ಮಾರಾಯ. ಅದರ ಅಡೀಲಿ ಕೂರೋಕೆ ಧೈರ್ಯ ಬರ್ಲಿಲ್ಲ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇನ್ನೊಂದು ಗಂಟೆ ಕೇಳ್ಬೇಕಿತ್ತು.”

ಎದುರಿನವರು ಸುಮ್ಮನಾದರೆ ಒಪ್ಪಿದರೆಂದು ಇಷ್ಟು ಕಾಲ ತಿಳಿದಿದ್ದೆ. ಎಷ್ಟು ಜನ ಸದ್ದಿಲ್ಲದೆ ಮಿಷಿನ್ನು ಸರಿಸಿಕೊಂಡಿದ್ದಾರೋ!

ತೊಟ್ಟಿ ಖಾಲಿ ಮಾಡಲು ಅವರೂ ಮೇಲೆ ಬಂದರು, ಬರುವಾಗ ತಾಮ್ರದ ಹಂಡೆ ಹೊತ್ತು. “ಮೀನು ಇದ್ರಲ್ಲಿ ಬಿಡಬಹುದಾ?” ತಾಮ್ರ ಮೀನಿಗೆ ವಿಷ. ಯಾಕೆಂದರೆ, ಎಂದು ಬಾಯಿ ತೆರೆದವನು ಅವರ ಮುಖ ನೋಡಿದೆ.

“ಆಗಲ್ಲ ಅಕ್ಕ” ಎಂದಷ್ಟೇ ಹೇಳಿ, ಪ್ಲಾಸ್ಟಿಕ್ ಬಕೆಟ್ಟು ಹುಡುಕಿಕೊಂಡು ಹೋದೆ.