ಪಾಪ, ಸೇರಿಸಿಬಿಡುವ

ಪುತ್ತೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಲೇಖಕಿ ಹಳೆಯ ಕಾದಂಬರಿಗಳನ್ನು ರಿಪೇರಿ ಮಾಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಹೆಬ್ಬೆರಳಿನಲ್ಲಿ ದಿನಕ್ಕೊಂದು ಕಂತು ಬರೆದು ಕಥೆಗಳ ಆ್ಯಪ್‌ಗೆ ಹಾಕುತ್ತಿದ್ದರು. ಮೂಲದಲ್ಲಿ ಕುಲ ಅಡ್ಡಬಂದು ಬದುಕಿಡೀ ಒಂಟಿಯಾಗಿ ಉಳಿದ ನಾಯಕಿಗೆ ಇವರು ಕಬಕದಲ್ಲಿ ಬೇಕರಿ ಹಾಕಿಕೊಟ್ಟರು. ಅವಳನ್ನು ಬಿಟ್ಟುಹೋದವನು ಬೈಕಿನಲ್ಲಿ ಬಂದು, ಪಫ್ಸ್ ತಿಂದು, ತಾಳಿ ಕಟ್ಟಿದ. ಕುಲದ ಸುದ್ದಿಯೇ ಇಲ್ಲ.

"ಅಡ್ಡಿಯೇ ಇಲ್ಲದಿದ್ರೆ ಅದೆಂತ ಕಥೆ ಮಾರಾಯ್ರೆ?" ಎಂದು ನಾನು ಕೇಳಿದರೆ, "ಈಗ ಅದನ್ನೆಲ್ಲ ಯಾರು ನೋಡ್ತಾರೆ? ಪಾಪ, ಸೇರಿಸಿಬಿಡುವ" ಎನ್ನುತ್ತಿದ್ದರು. ಓದುಗರು ಕೆಂಪು ಹೃದಯಗಳನ್ನು ಸುರಿಯುತ್ತಿದ್ದರು.

ಒಂದು ಸಂಜೆ ನಾನು ಅವರ ಜಗಲಿಯಲ್ಲಿ ಕೂತಿದ್ದಾಗಲೇ ಅವರ ಮಗಳು ಬಂದು, ಸುಳ್ಯದ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಹೆಬ್ಬೆರಳು ನಿಂತಿತು. ಕನ್ನಡಕ ಮೂಗಿಗಿಳಿಯಿತು.

"ಅವನ ಬರಿ ಯಾವುದು?"

ತುಳುವರಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಅಣ್ಣ ತಂಗಿಯ ಲೆಕ್ಕ.

"ನಮ್ಮದೇ," ಎಂದಳು ಮಗಳು.

"ಹಾಗಾದ್ರೆ ಆ ಮಾತು ಇಲ್ಲಿಗೇ ಬಿಡು."

ಮಗಳು ಅಳುತ್ತಾ ಒಳಗೆ ಹೋದಳು. ಕನ್ನಡಕ ಮತ್ತೆ ಹಣೆಗೇರಿತು. ಆ ದಿನದ ಕಂತಿನಲ್ಲಿ ಉಪ್ಪಿನಂಗಡಿಯ ಹೊಳೆ ಬದಿಯಲ್ಲಿ ಇನ್ನೊಂದು ಜೋಡಿ ಸೇರುವುದಿತ್ತು.