ಒಬ್ಬರಿಗಾಗುವಷ್ಟು ಕೆಂಪು ಮಾತ್ರೆ

ಚಾಮರಾಜಪೇಟೆಯ ಸಣ್ಣ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಕಫ ಪರೀಕ್ಷೆ ಮಾಡುತ್ತಿದ್ದೆ. ನರಸಮ್ಮ ಅಲ್ಲಿ ಆರೋಗ್ಯ ಸಂದರ್ಶಕಿ. ಹೊಸ ಕ್ಷಯರೋಗಿಗಳ ಮನೆ ನೋಡಿ ಬರುವುದು, ಔಷಧಿಯನ್ನು ಅರ್ಧಕ್ಕೇ ಬಿಟ್ಟವರ ಮನೆ ಹುಡುಕಿ ಹೋಗಿ, ಒಪ್ಪಿಸಿ ಕರೆತರುವುದು ಅವರ ಕೆಲಸ. ಅಕ್ಕಪಕ್ಕದವರು ವಿಚಾರಿಸಿದರೆ ಮತದಾರರ ಪಟ್ಟಿ ನೋಡಲು ಬಂದವಳು ಅನ್ನುತ್ತಿದ್ದರು. ರೋಗದ ಹೆಸರು ಹೊರಗೆ ಬಿದ್ದರೆ ಬಾಡಿಗೆ ಮನೆ ಖಾಲಿ ಮಾಡಿಸುತ್ತಿದ್ದ ಕಾಲ ಅದು.

ಕಷ್ಟಪಟ್ಟು ಕರೆತಂದ ರೋಗಿಗೆ ಕೊಡಲು ಎಷ್ಟೋ ಸಲ ಔಷಧಿಯೇ ಇರುತ್ತಿರಲಿಲ್ಲ. ಕ್ಷಯಕ್ಕೆ ಮೂರು ನಾಲ್ಕು ಬಗೆಯ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಕು. ಅದರಲ್ಲಿ ಮುಖ್ಯವಾದ ಕೆಂಪು ಮಾತ್ರೆ ವರ್ಷಕ್ಕೆ ಎರಡು ಮೂರು ಸಲ ಮುಗಿದುಹೋಗುತ್ತಿತ್ತು. ಮೇಲಿನವರನ್ನು ಕೇಳಿದರೆ ಅನುದಾನ ಬಂದಿಲ್ಲ ಅನ್ನುತ್ತಿದ್ದರು.

ವರದರಾಜ ಎಂಬಾತ ಒಂದು ದಿನವೂ ತಪ್ಪಿಸದೆ ಬರುತ್ತಿದ್ದ. ಇಪ್ಪತ್ತಾರರ ವಯಸ್ಸು. ನಗರ್ತಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ. ಕಾಟನ್‌ಪೇಟೆಯ ಒಂಟಿ ಕೋಣೆಯಲ್ಲಿ ಅವನೂ ತಾಯಿ ತಿಮ್ಮಕ್ಕನೂ ಇದ್ದರು. ಮೂರು ತಿಂಗಳ ಔಷಧಿಗೆ ಅವನ ಜ್ವರ ಬಿಟ್ಟಿತ್ತು, ಮೈ ತುಂಬಿಕೊಳ್ಳುತ್ತಿತ್ತು. ನರಸಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದ.

೧೯೯೫ರ ಜುಲೈ ತಿಂಗಳಲ್ಲಿ ಬೀರುವಿನಲ್ಲಿ ಕೆಂಪು ಮಾತ್ರೆ ಉಳಿದದ್ದು ಒಬ್ಬರಿಗೆ ಎರಡು ತಿಂಗಳಿಗಾಗುವಷ್ಟು ಮಾತ್ರ. ಆ ವಾರವೇ ಬಿಂದುಶ್ರೀ ಎಂಬ ಹದಿನಾಲ್ಕರ ಹುಡುಗಿಯನ್ನು ಅವಳ ತಂದೆ ಕರೆತಂದರು. ಕೆಮ್ಮಿದರೆ ರಕ್ತ ಬರುತ್ತಿತ್ತು. ಇದ್ದದ್ದನ್ನು ಹಂಚಿದರೆ ಇಬ್ಬರದೂ ನಡುವೆಯೇ ನಿಂತುಹೋಗುವ ಭಯವಿತ್ತು. ಡಾಕ್ಟರ್ ಬದರೀನಾರಾಯಣರು ಇಬ್ಬರ ಚೀಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಓದಿದರು. ಕೊನೆಗೆ, "ಇಬ್ಬರ ಮನೇನೂ ನೋಡಿರೋರು ನೀವು. ಯಾರಿಗೆ ಕೊಡೋಣ, ನೀವೇ ಹೇಳಿ ನರಸಮ್ಮ" ಅಂದರು.

ಅದು ಡಾಕ್ಟರು ಕೇಳಬಾರದಿದ್ದ ಪ್ರಶ್ನೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ನರಸಮ್ಮ ಹುಡುಗಿಗೆ ಕೊಡಿ ಅಂದರು. ವರದರಾಜನಿಗೆ ಇದ್ದ ಒಂದೇ ಬಗೆಯ ಬಿಳಿ ಮಾತ್ರೆ ಕೊಟ್ಟು, ನೀನು ಹುಷಾರಾಗ್ತಾ ಇದೀಯ, ಕೆಂಪು ಮಾತ್ರೆಯದೂ ಇದರಲ್ಲೇ ಸೇರಿದೆ, ಇನ್ಮೇಲೆ ಇಷ್ಟೇ ಸಾಕು ಎಂದು ಹೇಳಿ ಕಳಿಸಿದರು. ಹೇಗೂ ಬೇಗನೆ ಕೆಂಪು ಮಾತ್ರೆ ಬರುತ್ತದೆ ಎಂದು ನಂಬಿದ್ದರು. ಅದು ಬರಲು ಎರಡು ತಿಂಗಳು ಹಿಡಿಯಿತು.

ಬಿಂದುಶ್ರೀ ಪೂರ್ತಿ ಗುಣವಾದಳು. ವರದರಾಜನಿಗೆ ಆ ಚಳಿಗಾಲಕ್ಕೇ ಮತ್ತೆ ಕೆಮ್ಮು ಶುರುವಾಯಿತು. ಅವನ ಕಫ ಸವರಿದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟವನು ನಾನು. ನೀಲಿ ಬಣ್ಣದ ನಡುವೆ ರೋಗಾಣುವಿನ ಕೆಂಪು ಕಡ್ಡಿಗಳು ಮೊದಲಿಗಿಂತ ಹೆಚ್ಚಾಗಿದ್ದವು. ಔಷಧಿ ಮತ್ತೆ ಶುರುಮಾಡಿದೆವು, ಮತ್ತೆ ನಡುವೆ ಸರಬರಾಜು ನಿಂತಿತು. ಹೀಗೇ ನಾಲ್ಕು ವರ್ಷ ಏಳುತ್ತ ಬೀಳುತ್ತ ಕಳೆದ. ಪ್ರೆಸ್ಸಿನ ಕೆಲಸ ಹೋಯಿತು, ನೋಡಿಟ್ಟಿದ್ದ ಹೆಣ್ಣಿನ ಕಡೆಯವರು ಬರುವುದನ್ನು ಬಿಟ್ಟರು.

೧೯೯೯ರಲ್ಲಿ ಹೊಸ ವ್ಯವಸ್ಥೆ ಬಂತು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಬಂದದ್ದೆಂದು ತರಬೇತಿಯಲ್ಲಿ ಹೇಳಿದರು. ಪ್ರತಿ ರೋಗಿಯ ಹೆಸರಿಗೂ ಒಂದೊಂದು ಡಬ್ಬ, ಅದರಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗಿನ ಅಷ್ಟೂ ಔಷಧಿ. ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಡಬ್ಬಗಳು ಬಂದ ದಿನ ನರಸಮ್ಮ ಮೊದಲನೆಯದರ ಮೇಲೆ ವರದರಾಜನ ಹೆಸರು ಬರೆದು ತಾವೇ ಕಾಟನ್‌ಪೇಟೆಗೆ ಹೋಗಿ ಅವನನ್ನು ಕರೆತಂದರು. ಎದುರಿಗೆ ಕೂರಿಸಿಕೊಂಡು ನುಂಗಿಸಿದರು. ಎರಡು ತಿಂಗಳು ದಿನ ಬಿಟ್ಟು ದಿನ ಸೂಜಿಯನ್ನೂ ಹಾಕಿಸಿದರು.

ಕಫದಲ್ಲಿ ಕಡ್ಡಿಗಳು ಕಡಿಮೆಯಾಗಲೇ ಇಲ್ಲ. ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಮೂರು ತಿಂಗಳಾದ ಮೇಲೆ ಉತ್ತರ ಬಂತು. ಔಷಧಿ ನಡುನಡುವೆ ನಿಂತದ್ದರಿಂದ ಅವನ ಮೈಯಲ್ಲಿದ್ದ ರೋಗಾಣು ಈ ಮಾತ್ರೆಗಳಿಗೆ ಬಗ್ಗದಂತಾಗಿತ್ತು. ಅದಕ್ಕೂ ಬೇರೆ ಔಷಧಿಗಳಿವೆ, ಆದರೆ ಸರ್ಕಾರದ ಪೂರೈಕೆಯಲ್ಲಿಲ್ಲ ಎಂದರು ಡಾಕ್ಟರು. ಹೊರಗೆ ಕೊಂಡು ಎರಡು ವರ್ಷ ನುಂಗುವುದು ತಿಮ್ಮಕ್ಕನ ಕೈಯಲ್ಲಾಗುವ ಮಾತಾಗಿರಲಿಲ್ಲ.

ಆಮೇಲೂ ನರಸಮ್ಮ ವಾರಕ್ಕೆರಡು ಸಲ ಅವನನ್ನು ನೋಡಲು ಹೋಗುತ್ತಿದ್ದರು. ಒಂದು ಮಧ್ಯಾಹ್ನ, ತಿಮ್ಮಕ್ಕ ನೀರು ಹಿಡಿಯಲು ನಲ್ಲಿಯ ಹತ್ತಿರ ಹೋಗಿದ್ದಾಗ, ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟರು. ಅವತ್ತು ಕೆಂಪು ಮಾತ್ರೆ ಇತ್ತು, ನಾನೇ ಬೇರೆಯವರಿಗೆ ಕೊಡಿಸಿದೆ, ನಿನಗೆ ಸುಳ್ಳು ಹೇಳಿದೆ ಎಂದು.

ವರದರಾಜ ಗೋಡೆಗೊರಗಿ ಕೂತಿದ್ದ. "ಸುಳ್ಳು ಅಂತ ಗೊತ್ತಿತ್ತಕ್ಕ. ಕೆಂಪು ಮಾತ್ರೆ ತಗೊಂಡ್ರೆ ಉಚ್ಚೆ ಕೆಂಪಗೆ ಹೋಗ್ತದಲ್ಲ. ಮಾರನೇ ದಿನಾನೇ ಗೊತ್ತಾಯ್ತು" ಅಂದ.

"ಮತ್ಯಾಕೆ ಬಂದು ಕೇಳ್ಲಿಲ್ಲ?"

"ಇದ್ದಿದ್ರೆ ನೀವು ಕೊಡ್ದೆ ಇರ್ತಿರ್ಲಿಲ್ಲ ಅಂದ್ಕೊಂಡೆ."

ಅವನ ಮುಖ ನೋಡಲಾಗದೆ ನರಸಮ್ಮ ತಲೆ ತಗ್ಗಿಸಿದರು. ಅವನು, ಆ ಇನ್ನೊಬ್ಬರು ಉಳಿದರಾ ಎಂದು ಕೇಳಿದ. ಉಳಿದಳು, ಕಾಲೇಜಿಗೆ ಹೋಗುತ್ತಿದ್ದಾಳೆ ಅಂದರು. ಅವರು ಹೊರಡಲು ಎದ್ದಾಗ ಒಂದು ಮಾತು ಹೇಳಿದ. "ಅಮ್ಮಂಗೆ ಹೇಳ್ಬೇಡಿ. ನಾನು ಹೋದ್ಮೇಲೆ ಅವಳನ್ನ ಬಂದು ಮಾತಾಡ್ಸೋರು ನೀವೊಬ್ರೇ."

೨೦೦೦ದ ದೀಪಾವಳಿಗೆ ಮೂರು ದಿನ ಮೊದಲು ಅವನು ತೀರಿಕೊಂಡ. ತಮ್ಮ ಬಾಯಿಂದಲೇ ಎಲ್ಲವನ್ನೂ ನರಸಮ್ಮ ನನಗೆ ಹೇಳಿದ್ದು ಅವನ ಮಣ್ಣು ಮುಗಿಸಿ ಬಂದ ದಿನ. ಆ ಮಧ್ಯಾಹ್ನ ಅವನು ಒಂದು ಸಲ ಬೈದಿದ್ದರೂ ಸಾಕಿತ್ತು ಅಂದರು.

ಅವನು ಕೇಳಿದ್ದನ್ನು ನರಸಮ್ಮ ನಡೆಸಿಕೊಟ್ಟರು. ಪ್ರತಿ ಭಾನುವಾರ ಕಾಟನ್‌ಪೇಟೆಗೆ ಹೋಗಿ ತಿಮ್ಮಕ್ಕನ ಜೊತೆ ಕೂತು ಊಟ ಮಾಡಿ ಬರುತ್ತಿದ್ದರು. ತಿಮ್ಮಕ್ಕನಿಗೂ ರೋಗ ತಗುಲಿದೆಯೋ ಎಂದು ಆಗಾಗ ಅವರ ಕಫ ತಂದು ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸುತ್ತಿದ್ದರು. ದೇವರ ದಯೆ, ಒಮ್ಮೆಯೂ ಏನೂ ಕಾಣಲಿಲ್ಲ. ಬಿಂದುಶ್ರೀ ಮದುವೆಯಾಗಿ ಕುಮಾರ ಪಾರ್ಕಿಗೆ ಹೋದಳಂತೆ. ಒಮ್ಮೆ ಬಸ್ಸಿನಲ್ಲಿ ಎದುರಾದಾಗ ನರಸಮ್ಮನೇ ಮುಖ ತಿರುಗಿಸಿಕೊಂಡರು. ಗುರುತು ಹಿಡಿದರೆ ಪಕ್ಕದಲ್ಲಿದ್ದ ಗಂಡನಿಗೆ ಆ ಹುಡುಗಿ ಏನೆಂದು ಹೇಳಿಯಾಳು?

೨೦೦೭ರಲ್ಲಿ ನರಸಮ್ಮ ನಿವೃತ್ತರಾದರು. ಬೀಳ್ಕೊಡುಗೆಯ ದಿನ ತಿಮ್ಮಕ್ಕ ಕೋಲೂರಿಕೊಂಡು ಆಸ್ಪತ್ರೆಗೆ ಬಂದರು. ಯಾರೂ ಕೇಳದಿದ್ದರೂ ಎದ್ದು ನಿಂತು, "ನನ್ನ ಮಗನಿಗೆ ಇವ್ರು ಮಾಡಿದಷ್ಟು ಹೆತ್ತೋಳು ನಾನೂ ಮಾಡ್ಲಿಲ್ಲ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರ್ ಬದರೀನಾರಾಯಣರೂ ಅಲ್ಲಿದ್ದರು. ಅವರು ತಟ್ಟಲಿಲ್ಲ, ಎದ್ದು ವರಾಂಡಕ್ಕೆ ಹೋದರು. ನರಸಮ್ಮ ಕೊರಳಿನ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು, ತಿಮ್ಮಕ್ಕ ಮಾತು ಮುಗಿಸಿ ಕೂರುವವರೆಗೂ ನೆಲ ನೋಡುತ್ತಿದ್ದರು.