ಹನ್ನೊಂದು ಸಲ ‘ತಪ್ಪಾತು’

ಬೆಳಗಾವಿಯ ಖಡೇಬಜಾರಿನ ಒಂದು ಮುದ್ರಣಾಲಯದಲ್ಲಿ ತ್ರಿಶಲಾ ಹನ್ನೆರಡು ವರ್ಷ ಲಗ್ನಪತ್ರಿಕೆ ಜೋಡಿಸಿದವಳು. ಯಾವ ಹೆಸರಿಗೆ ಎಷ್ಟು ದಪ್ಪ ಅಕ್ಷರ, ಯಾವ ಅಂಚಿಗೆ ಯಾವ ಬಣ್ಣ ಎಂಬುದರಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಜನ ಮೊಬೈಲಿನಲ್ಲೇ ಪತ್ರಿಕೆ ಕಳಿಸತೊಡಗಿದ ಮೇಲೆ ಮುದ್ರಣಾಲಯ ಬಾಗಿಲು ಹಾಕಿತು. ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ಟಿಳಕವಾಡಿಯ ಒಂದು ತರಬೇತಿ ಕೇಂದ್ರ ಸೇರಿ ಯುಎಕ್ಸ್ ಡಿಸೈನ್ ಕಲಿಯತೊಡಗಿದಳು. ಬಳಸುವವರು ಎಲ್ಲಿಯೂ ಎಡವದಂತೆ ಮೊಬೈಲಿನ ಪರದೆಗಳನ್ನು ರೂಪಿಸುವ ವಿದ್ಯೆ ಅದು.

ಚೆಂದದ ಪರದೆ ಬರೆಯುವುದರಲ್ಲಿ ತರಗತಿಯ ಹುಡುಗ ಹುಡುಗಿಯರು ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಕಲಿಸುವ ಜುಲ್ಫಿಕಾರ ಸರ್ ಪರದೆಗಿಂತ ಮನುಷ್ಯರ ಬಗ್ಗೆಯೇ ಹೆಚ್ಚು ಹೇಳುತ್ತಿದ್ದರು. ಬಳಸುವವರ ಪಕ್ಕದಲ್ಲಿ ಕುಳಿತು ನೋಡಬೇಕು, ನಡುವೆ ಬಾಯಿ ಹಾಕಬಾರದು, ವಿಡಿಯೊ ತೆಗೆಯುವುದಾದರೆ ಮೊದಲು ಕೇಳಬೇಕು. ತ್ರಿಶಲಾ ಎಲ್ಲವನ್ನೂ ಬರೆದುಕೊಂಡಳು. ಇದರಲ್ಲಿ ಕಲಿಯುವುದೇನಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ದವಾಖಾನೆಗೆ ಹೋಗುವ ಮೊದಲೇ ಮನೆಯಿಂದ ಪಾಳಿ ಹಚ್ಚುವ, ಅಂದರೆ ಸರದಿ ಕಾಯ್ದಿರಿಸುವ, ಆ್ಯಪಿನ ಪರದೆಗಳನ್ನು ಮಾಡಿ, ಯಾರಿಗಾದರೂ ಕೊಟ್ಟು ನೋಡಿ ಬರಬೇಕೆಂದು ಸರ್ ಕೆಲಸ ಹಚ್ಚಿದರು. ಆ ಭಾನುವಾರ ತ್ರಿಶಲಾ ಖಾನಾಪುರದ ತವರಿಗೆ ಹೋದಳು. ತವರಿನ ಹಿಂದಿನ ಓಣಿಯಲ್ಲೇ ಗಡಿಗೆ ಮಾಡುವ ಶಿವಬಸವ್ವನ ಮನೆ. ಸಣ್ಣಂದಿನಿಂದ ‘ಬಾ ತಂಗಿ’ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡವಳು.

ಶಿವಬಸವ್ವ ಮಣ್ಣು ಕಲಸುತ್ತಿದ್ದಳು. ತ್ರಿಶಲಾ ಒಂದು ಮೊಬೈಲನ್ನು ಎದುರಿನ ಗಡಿಗೆಗೆ ಆನಿಸಿ ನಿಲ್ಲಿಸಿದಳು.

“ಅದ್ಯಾಕ ತಂಗಿ ಅಲ್ಲಿಟ್ಟಿ?”

“ಸುಮ್ನ ಇಟ್ಟೇನಕ್ಕ. ನೀ ಇದನ್ನ ನೋಡು. ಪಾಳಿ ಹಚ್ಚು.”

ಶಿವಬಸವ್ವ ಸೆರಗಿಗೆ ಬೆರಳು ಒರೆಸಿಕೊಂಡು ಎರಡನೆಯ ಮೊಬೈಲು ಹಿಡಿದಳು. ಮೇಲ್ಗಡೆಯ ತಲೆಬರಹಕ್ಕೆ ತ್ರಿಶಲಾ ಲಗ್ನಪತ್ರಿಕೆಯಂತೆ ಹಳದಿ ಚೌಕಟ್ಟು ಹಾಕಿದ್ದಳು. ಒತ್ತಬೇಕಾದ ಗುಂಡಿಯೋ ಕೆಳಗೆ, ತಿಳಿಬೂದು ಬಣ್ಣದಲ್ಲಿತ್ತು. ಶಿವಬಸವ್ವ ಹಳದಿಯನ್ನೇ ಒತ್ತಿದಳು. ಏನೂ ಆಗಲಿಲ್ಲ. “ತಪ್ಪಾತವ್ವ,” ಎಂದು ಮತ್ತೆ ಅದನ್ನೇ ಒತ್ತಿದಳು. ಕೊನೆಗೆ ತ್ರಿಶಲಾ ಮೊಬೈಲು ಕಸಿದುಕೊಂಡು, “ಕಣ್ಣ ಮುಂದ ಐತಿ, ಕಾಣವಲ್ದೇನಕ್ಕ?” ಎಂದು ತಾನೇ ಒತ್ತಿ ತೋರಿಸಿದಳು.

ಗಡಿಗೆಗೆ ಆನಿಸಿದ್ದ ಮೊಬೈಲು ಹಿಡಿದ ವಿಡಿಯೊ ಸೋಮವಾರ ತರಗತಿಯ ಗೋಡೆಯ ಮೇಲೆ ಮೂಡಿತು. ಹಣೆಗೆ, ಕೆನ್ನೆಗೆ ಮಣ್ಣು ಮೆತ್ತಿಕೊಂಡ ಶಿವಬಸವ್ವ ಕಣ್ಣು ಕಿರಿದು ಮಾಡಿ ಪರದೆಯನ್ನು ಗುದ್ದುತ್ತಿದ್ದಳು. ಅನಿಕೇತ ಎಂಬ ಹುಡುಗ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ತ್ರಿಶಲಾಳೂ ನಕ್ಕಳು.

ಜುಲ್ಫಿಕಾರ ಸರ್ ನಗಲಿಲ್ಲ. ಚಿತ್ರ ಮುಚ್ಚಿ ಬರೀ ದನಿಯನ್ನು ಇನ್ನೊಮ್ಮೆ ಹಚ್ಚಿದರು. “ತಪ್ಪಾತು ಅಂತ ಎಷ್ಟ ಸಲ ಅಂತಾರ, ಎಣಸ್ರಿ,” ಎಂದರು. ಹನ್ನೊಂದು ಸಲ.

“ತಪ್ಪ ಯಾರ್ದು, ತ್ರಿಶಲಾ?”

ತ್ರಿಶಲಾ ತಾನು ಬರೆದುಕೊಂಡಿದ್ದ ಹಾಳೆಗಳನ್ನು ತಿರುವತೊಡಗಿದಳು.

“ವಿಡಿಯೊ ತಗ್ಯಾಕ ಅವ್ರನ್ನ ಕೇಳಿದ್ರಿಲ್ಲೊ?”

“ಕೇಳೇನ್ರಿ ಸರ್,” ಎಂದುಬಿಟ್ಟಳು.

ಬೆಳಗಾವಿಯ ಶಹಾಪುರದಲ್ಲಿದ್ದ ತನ್ನ ಮನೆಗೆ ಬಂದರೂ ಆ ಸುಳ್ಳು ಅವಳ ಬೆನ್ನು ಬಿಡಲಿಲ್ಲ. ರೊಟ್ಟಿ ಬಡಿಯುವಾಗಲೂ ಶಿವಬಸವ್ವನ ‘ತಪ್ಪಾತು’ ಕೇಳುತ್ತಿತ್ತು. ನಕ್ಕಿದ್ದಕ್ಕೆ ಹೆಚ್ಚು ನಾಚಿಕೆಯೋ, ಸುಳ್ಳು ಹೇಳಿದ್ದಕ್ಕೋ ಅವಳಿಗೇ ತಿಳಿಯಲಿಲ್ಲ. ಮರುದಿನ ಸರ್ ಬಳಿ ನಿಜ ಹೇಳಿದಳು. ಅವರು ಬೈಯಲಿಲ್ಲ. “ನನಗ ಹೇಳಿದ್ರಿ, ಛಲೋ ಆತು. ಅವ್ರಿಗೆ?” ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ಮತ್ತೆ ಖಾನಾಪುರದ ಬಸ್ಸು ಹತ್ತಿದಳು. ಅವಳನ್ನು ಕಂಡದ್ದೇ ಶಿವಬಸವ್ವ ಅವಸರದಲ್ಲಿ ಕೈ ತೊಳೆದು ಬಂದಳು. “ಕೊಡು ತಂಗಿ, ಈ ಸಲ ಪಾಸ್ ಆಕ್ಕೇನಿ. ನಮ್ಮ ಸೊಸಿ ಫೋನ್ ಒತ್ತೂದು ಕಲಿಸ್ಯಾಳ. ವಾರಪೂರ್ತಿ ಒತ್ತೇನಿ.”

ಸುಮ್ಮನಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ತ್ರಿಶಲಾಳಿಗೆ ಆ ಆಸೆ ಬಾರದೇ ಇರಲಿಲ್ಲ. ಆದರೂ ತಲೆ ತಗ್ಗಿಸಿ ಹೇಳಿದಳು: ಅವತ್ತು ಇಟ್ಟಿದ್ದ ಮೊಬೈಲು ಚಿತ್ರ ಹಿಡಿಯುತ್ತಿತ್ತು, ಅದನ್ನು ತರಗತಿಯಲ್ಲಿ ತೋರಿಸಿದೆ, ಎಲ್ಲರೂ ನಕ್ಕರು.

“ಎಷ್ಟ ಮಂದಿ?”

“ಹದಿನಾರ ಮಂದಿ ಅಕ್ಕ.”

“ನೀನೂ ನಕ್ಕಿ?”

“ಹೂನಕ್ಕ.”

ಶಿವಬಸವ್ವ ತಿಗರಿಯ ಚಕ್ರಕ್ಕೆ ಮೆತ್ತಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆದಳು. “ಅವತ್ತ ಮಾರಿ ಮ್ಯಾಲೆ ಮಣ್ಣಿತ್ತು,” ಎಂದಳು. “ಹೇಳಿದ್ರ ತೊಳಕೊಂತಿದ್ನಲ್ಲ.”

ತ್ರಿಶಲಾ ಅವಳೆದುರಿಗೇ ವಿಡಿಯೊ ಅಳಿಸಿದಳು. ತಪ್ಪಾಯಿತೆಂದಳು, ಪರದೆ ಮಾಡಿದ್ದೇ ಸರಿಯಿರಲಿಲ್ಲವೆಂದಳು. ಶಿವಬಸವ್ವ ಮೊಬೈಲನ್ನು ಮುಟ್ಟಲಿಲ್ಲ. “ಆತ್ರಿ ಬಾಯಾರ, ನನಗ ಕೆಲಸ ಐತಿ,” ಎಂದು ಎದ್ದಳು. ‘ತಂಗಿ’ ಎನ್ನುತ್ತಿದ್ದ ಬಾಯಲ್ಲಿ ಆ ‘ರೀ’ ಕೇಳಿ ತ್ರಿಶಲಾ ಮೊಬೈಲನ್ನು ಚೀಲಕ್ಕೆ ಹಾಕಿ ಹೊರಬಿದ್ದಳು.

ಹೊಸ ಪರದೆಗಳನ್ನು ಕಾಗದದ ಮೇಲೆ ಬರೆದುಕೊಂಡು ಅವಳು ನಂದಗಡದ ಸಂತೆಗೆ ಹೋದಳು. ವಿಷಯ ಹೇಳಿ ಒಪ್ಪಿಗೆ ಕೇಳಿದಾಗ ಇಬ್ಬರು ಹೆಂಗಸರು ಬೇಡವೆಂದರು. ಅವಳು ಒತ್ತಾಯ ಮಾಡಲಿಲ್ಲ. ಮೆಣಸಿನಕಾಯಿ ಮಾರುವ ಸೋನಾಬಾಯಿ ಒಪ್ಪಿದಳು. ಆಕೆಯ ಬೆರಳು ದಾರಿ ತಪ್ಪಿದಾಗ ತ್ರಿಶಲಾ ತುಟಿ ಕಚ್ಚಿ ಸುಮ್ಮನೆ ಕುಳಿತಳು. “ತಪ್ಪಾತೇನ್ರಿ?” ಎಂದು ಆಕೆ ಕೇಳಿದಾಗ, “ಇಲ್ರಿ, ನಾ ಬರದದ್ದ ತಪ್ಪೈತಿ. ನಿಮಗ ಅದು ಯಾಕ ಗುಂಡಿ ಅನ್ನಿಸ್ತು, ಹೇಳ್ರಿ,” ಎಂದಳು. ಸೋನಾಬಾಯಿ ಅರ್ಧ ಗಂಟೆ ಹೇಳಿದಳು. ಮುದ್ರಣಾಲಯದ ಹನ್ನೆರಡು ವರ್ಷದಲ್ಲಿ ಯಾರೂ ತ್ರಿಶಲಾಳಿಗೆ ಅಷ್ಟು ಹೇಳಿರಲಿಲ್ಲ. ಬಹುಶಃ ಅವಳೇ ಕೇಳಿರಲಿಲ್ಲ.

ತರಬೇತಿ ಮುಗಿದು ಈಗ ಒಂದೂವರೆ ವರ್ಷ. ಬೆಳಗಾವಿಯ ಉದ್ಯಮಬಾಗ ಬಡಾವಣೆಯ ಸಣ್ಣ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಸಂದರ್ಶನದಲ್ಲಿ ಹಳದಿ ಚೌಕಟ್ಟಿನ ಪರದೆಯನ್ನೂ ತೋರಿಸಿ, ಅದರಲ್ಲಿ ತಾನು ಎಡವಿದ್ದನ್ನು ಹೇಳಿದಳು. ಶಿವಬಸವ್ವನ ಹೆಸರನ್ನು ಮಾತ್ರ ಹೇಳಲಿಲ್ಲ.

ಖಾನಾಪುರಕ್ಕೆ ಹೋದಾಗಲೆಲ್ಲ ಆ ಮನೆಗೆ ಹೋಗುತ್ತಾಳೆ. ಶಿವಬಸವ್ವ ಬಾಗಿಲಲ್ಲಿ ನಿಂತು, “ಬರ್ರಿ, ಕುಂದರ್ರಿ,” ಎನ್ನುತ್ತಾಳೆ. ತ್ರಿಶಲಾ ಕುಳಿತು, ಕೊಟ್ಟ ಚಹಾ ಕುಡಿದು, ತನ್ನ ಮೊಬೈಲನ್ನು ಚೀಲದಿಂದ ಹೊರಗೆ ತೆಗೆಯದೆ ಎದ್ದು ಬರುತ್ತಾಳೆ.